ಎರೆಮಣ್ಣಿನ ಮನೆಯಲ್ಲಿ ಒಂದು ಲೋಳಸರ

ಮೊನ್ನೆ ಮೊಮ್ಮಗಳು ಪೇಟೆಯಿಂದ ಒಂದು ಚೀಲ ಮಣ್ಣು ಕೊಂಡು ತಂದಳು. ಚೀಲದ ಮೇಲೆ ಬಣ್ಣದ ಚಿತ್ರವಿತ್ತು. ನಾನು ಸಕ್ಕರೆಯೋ ರವೆಯೋ ಇರಬೇಕೆಂದು ಅಡುಗೆಮನೆಯಲ್ಲಿಡಲು ಹೊರಟಿದ್ದೆ. "ಆಯಿ, ಅದು ಮಣ್ಣ. ನನ್ನ ಗಿಡಕ್ಕ ತಂದೇನಿ" ಎಂದು ಕಸಿದುಕೊಂಡಳು. ಗಿಡವೆಂದರೆ ಅಂಗೈಯಗಲದ ಕುಂಡದಲ್ಲಿ ಕೂತ, ದಪ್ಪ ಎಲೆಯ ಒಂದು ಪುಟ್ಟ ಜೀವ. ಅದಕ್ಕೆ ಎಂಥ ಮಣ್ಣು ಹಾಕಬೇಕೆಂದು ಆಕೆ ಪುಸ್ತಕ ಓದಿದ್ದಳು, ಗೆಳತಿಯರನ್ನು ಕೇಳಿದ್ದಳು, ಅಂಗಡಿಯವನ ಭಾಷಣವನ್ನೂ ಕೇಳಿ ಬಂದಿದ್ದಳು. ಮನೆಯ ಮೂಲೆಯಲ್ಲಿ ಕೂತ ಮುದುಕಿಯೊಬ್ಬಳನ್ನು ಮಾತ್ರ ಕೇಳಿರಲಿಲ್ಲ. ಇಂಥದೇ ಒಂದು ಗಿಡದ ಮಣ್ಣಿನ ದೆಸೆಯಿಂದ ಈ ಮುದುಕಿ ಒಂದು ಕಾಲಕ್ಕೆ ಗಂಡನ ಮನೆ ಸೇರಿಯೂ ಗಂಡನನ್ನು ಸೇರಲಾಗದೆ ಕೂತಿದ್ದಳೆಂದು ಆಕೆಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿದವಳೇ ಅಲ್ಲ. ನಾಲ್ಕು ಜನರ ನಡುವೆ ಬಾಯಿ ತೆರೆಯುವುದು ನನಗೆ ಇಂದಿಗೂ ಬರುವುದಿಲ್ಲ. ತಿಕೋಟಾದ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆದೇ ಹೇಳುತ್ತೇನೆ. ಓದುವಾಗ ನಗು ಬಂದರೆ ನಿಮ್ಮ ನಿಮ್ಮ ಕೋಣೆಯಲ್ಲಿ ನಗಿರಿ.

ನಾನು ಹುಟ್ಟಿದ್ದು ತಿಕೋಟಾದಲ್ಲಿ. ಅಪ್ಪನ ಹೊಲ ಊರಾಚೆಯ ದಿನ್ನೆಯ ಮೇಲಿತ್ತು. ಅಲ್ಲಿ ಮಣ್ಣಿಗಿಂತ ಹರಳು ಹೆಚ್ಚು. ಅದಕ್ಕೆ ಗರಸು ಅನ್ನುತ್ತಾರೆ. ಎಷ್ಟು ಮಳೆ ಬಿದ್ದರೂ ನೀರು ಅದರಲ್ಲಿ ನಿಲ್ಲುವುದಿಲ್ಲ, ಅವಸರದ ನೆಂಟರ ಹಾಗೆ ಬಂದ ದಾರಿ ಹಿಡಿಯುತ್ತದೆ. ನನ್ನನ್ನು ಕೊಟ್ಟದ್ದು ಬಬಲೇಶ್ವರಕ್ಕೆ. ಅಲ್ಲಿ ಮಾವನವರ ಹೊಲ ಜೈನಾಪುರದ ದಾರಿಯಲ್ಲಿ. ಕಣ್ಣಿಗೆ ಹಚ್ಚುವ ಕಾಡಿಗೆಯಂಥ ಎರೆಮಣ್ಣು. ಒಂದು ಮಳೆ ಕುಡಿದರೆ ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಮಣ್ಣು. ಆ ಮಣ್ಣು ಒಳ್ಳೆಯದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಮನೆಯಲ್ಲಿ ಅದು ಬರೀ ಮಣ್ಣಾಗಿರಲಿಲ್ಲ. ಹಿರಿಯರು, ಕುಲ, ಮಾನ, ಎಲ್ಲವೂ ಆಗಿತ್ತು. ಮಾವನವರು ಒಬ್ಬ ಮನುಷ್ಯನ ಬಗ್ಗೆ ಮೊದಲು ಕೇಳುತ್ತಿದ್ದ ಪ್ರಶ್ನೆ, "ಅವರದು ಯಾವ ಮಣ್ಣು?"

ನನ್ನನ್ನು ನೋಡಲು ಬಂದ ದಿನ ಅವರು ನನ್ನ ಮುಖ ನೋಡಿದ್ದಕ್ಕಿಂತ ನಮ್ಮ ಅಂಗಳ ನೋಡಿದ್ದೇ ಹೆಚ್ಚು. ಚಪ್ಪಲಿಯ ತುದಿಯಿಂದ ನೆಲ ಕೆದರಿ, ಯಾರೋ ತೀರಿಕೊಂಡ ಸುದ್ದಿ ಹೇಳುವವರ ದನಿಯಲ್ಲಿ "ಗರಸ" ಎಂದರು. ಅಪ್ಪ ತಲೆ ತಗ್ಗಿಸಿದ. ಆಮೇಲೆ ಅವರೇ ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡ್ರಿ. ಹುಡುಗಿ ರೊಟ್ಟಿ ತೆಳ್ಳಗ ಬಡೀತಾಳಂತ ಕೇಳೇವಿ" ಎಂದು ಒಪ್ಪಿಕೊಂಡರು. ಹೀಗೆ ನನ್ನ ರೊಟ್ಟಿ ನಮ್ಮ ಮಣ್ಣಿನ ಕಳಂಕವನ್ನು ತೊಳೆಯಿತು.

ನಿಮ್ಮ ಅಜ್ಜ ಆಗ ವಿಜಾಪುರದಲ್ಲಿ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಗೋಳಗುಮ್ಮಟದ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದರು. ಮದುವೆಯಾಗಿ ದೀಪಾವಳಿಯ ಹೊತ್ತಿಗೆ ನಾನು ಬಬಲೇಶ್ವರಕ್ಕೆ ಬಂದೆ. ನಾಲ್ಕು ದಿನ ಅತ್ತೆಯ ಮನೆಯಲ್ಲಿದ್ದು ಖೋಲಿಗೆ ಹೋಗುವುದೆಂದು ಮಾತಾಗಿತ್ತು. ಬರುವಾಗ ನಮ್ಮವ್ವ ತನ್ನ ಹಿತ್ತಿಲಿನ ಲೋಳಸರದ ಒಂದು ಮರಿ ಕಿತ್ತು ಸೆರಗಿಗೆ ಹಾಕಿದ್ದಳು. ಸುಟ್ಟ ಬೆರಳಿಗೆ, ಒಲೆಯ ಹೊಗೆಗೆ ಉರಿಯುವ ಕಣ್ಣಿಗೆ ಅದರ ಲೋಳೆ ತಂಪು. ನೀವು ಈಗ ಅದನ್ನೇ ಬಾಟಲಿಯಲ್ಲಿ ತುಂಬಿಸಿಕೊಂಡು ಮುಖಕ್ಕೆ ಬಳಿದುಕೊಳ್ಳುತ್ತೀರಿ.

ಅತ್ತೆ ಆ ಮರಿಯನ್ನು ನೋಡಿದರು. ನನ್ನ ಗಂಟನ್ನೂ ನೋಡಿದರು. ಆ ಮನೆಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ ಬೇಕೆಂಬುದು ಅವರಿಗೇ ಗೊತ್ತು. ಅವರ ಮೊಣಕೈ ನೋವೂ ಅವರಿಗೇ ಗೊತ್ತು. ಅದನ್ನು ಹಾಗೇ ಹೇಳಿದ್ದರೆ ಮುಗಿದಿತ್ತು. ಆದರೆ ಅತ್ತೆಯಂದಿರು ನೆಟ್ಟಗೆ ಹೇಳಿದರೆ ಅತ್ತೆಯಂದಿರೆಂದು ಯಾರು ಅಂದಾರು?

"ನೋಡವ್ವಾ, ಪ್ಯಾಟ್ಯಾಗ ಸಂಸಾರ ಹೂಡೂದಂದ್ರ ಮಕ್ಕಳಾಟ ಅಲ್ಲ. ಅದಕ್ಕ ಕೈಗುಣ ಬೇಕು" ಎಂದರು. "ನಮ್ಮ ಮನಿಗಿ ಬಂದ ಸೊಸಿ ಒಂದ ಸಸಿ ಹಚ್ಚಬೇಕು. ಅದು ನಮ್ಮ ಮಣ್ಣಿನ್ಯಾಗ ಬೇರ ಬಿಟ್ಟರ ಸೊಸೀನೂ ಬೇರ ಬಿಟ್ಟಂಗ. ನಾ ಬಂದಾಗ ನುಗ್ಗಿ ಹಚ್ಚೇನಿ, ನೋಡ ಹಿತ್ತಲದಾಗ, ಮನೀಗಿಂತ ಎತ್ತರ ಐತಿ. ನಿಮ್ಮವ್ವ ಕೊಟ್ಟಿದ್ದು ಐತಲ್ಲ, ಅದನ್ನ ಹಚ್ಚು. ಬೇರ ಬಿಟ್ಟ ದಿನಾನ ನಾನಾ ನಿನ್ನ ಗಂಟ ಕಟ್ಟಿ ಮೋಟಾರ ಹತ್ತಸ್ತೇನಿ."

ಸಸಿ ಹಚ್ಚಿಸಿ ಸೊಸೆಯ ಕೈಗುಣ ನೋಡುವ ರೂಢಿ ಆ ಮನೆಯಲ್ಲಿ ನಿಜವಾಗಿಯೂ ಇತ್ತು. ನಾನು ಒಳಗೊಳಗೇ ಹಿಗ್ಗಿದೆ. ಲೋಳಸರಕ್ಕಿಂತ ಸುಲಭವಾಗಿ ಬದುಕುವ ಗಿಡ ಯಾವುದಿದೆ? ನಮ್ಮವ್ವನ ಹಿತ್ತಿಲಲ್ಲಿ ಅದು ಯಾರ ಹಂಗೂ ಇಲ್ಲದೆ, ಬೇಡವೆಂದರೂ ಬೆಳೆಯುತ್ತಿತ್ತು. ಎರಡು ವಾರದಲ್ಲಿ ನಾನು ಗೋಳಗುಮ್ಮಟದ ನೆರಳಲ್ಲಿ ಇರುತ್ತೇನೆ ಎಂದುಕೊಂಡೆ.

ಆದರೆ ಅದು ಯಾರ ಹಂಗೂ ಇಲ್ಲದ ಮನೆಯಾಗಿರಲಿಲ್ಲ.

ಸುದ್ದಿ ಕೇಳಿ ಮಾವನವರು ಮರುದಿನವೇ ಹೊಲದ ತಗ್ಗಿನ ಮೂಲೆಯಿಂದ ಒಂದು ಬುಟ್ಟಿ ಎರೆಮಣ್ಣು ತಂದರು. ಬೇರೆ ಮೂಲೆಯದು ಅವರಿಗೆ ಸರಿ ಕಾಣಲಿಲ್ಲ; ತಗ್ಗಿನ ಮಣ್ಣು ಹೆಚ್ಚು ಜಿಗುಟು. ಹೆಂಟೆ ಒಡೆದು, ಜರಡಿ ಹಿಡಿದು, ಹಿಟ್ಟಿನ ಹಾಗೆ ಮಾಡಿದರು. "ನಮ್ಮ ಮಣ್ಣಿನ್ಯಾಗ ಕುಡಗೋಲಿನ ಹಿಡಿಕಿ ಹುಗದ್ರೂ ಚಿಗೀತೈತಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಕುಂಬಾರರ ಮನೆಯಿಂದ ಹೊಸ ಗಡಿಗೆ ಬಂತು. ನಮ್ಮವ್ವ ಇಂಥ ಗಿಡಗಳನ್ನು ತಳ ಒಡೆದ ಗಡಿಗೆಯಲ್ಲಿ ಇಡುತ್ತಿದ್ದಳು. "ಒಡಕ ಗಡಿಗಿ ತಲಿಬಾಗಲದಾಗ ಇಡಾಕ ನಾವೇನ ಗತಿಗೆಟ್ಟೇವೇನ?" ಎಂದರು ಅತ್ತೆ. ಹೊಸ ಗಡಿಗೆಗೆ ಸುಣ್ಣದ ಗೆರೆ ಎಳೆದರು, ಅರಿಷಿಣ ಹಚ್ಚಿದರು, ತೂತು ಮಾತ್ರ ಮಾಡಲಿಲ್ಲ. ಮಣ್ಣಿಗೆ ಹಸಿ ಸಗಣಿ ಕಲಸಿದರು. ಮೇಲೊಂದಿಷ್ಟು ಹಿಂಡಿಯನ್ನೂ ಪುಡಿ ಮಾಡಿ ಉದುರಿಸಿದರು. ಬಾಣಂತಿಗೂ ಆ ಮನೆಯಲ್ಲಿ ಅಷ್ಟು ಉಪಚಾರ ನಡೆದದ್ದನ್ನು ನಾನು ಕಾಣೆ.

ನನ್ನ ಕೈ ಮರಿಯನ್ನು ಮುಟ್ಟಿದ್ದು ಒಂದೇ ಗಳಿಗೆ, ಊರುವಾಗ. ಅಷ್ಟಕ್ಕೆ ಅದು ನನ್ನ ಕೈಗುಣವಾಯಿತು.

ಮುಂಜಾನೆ ಅತ್ತೆ ಬೇಳೆ ತೊಳೆದ ನೀರು ಹಾಕುತ್ತಿದ್ದರು. ಮಧ್ಯಾಹ್ನ ಮಾವನವರು ಕೈ ತೊಳೆಯುವ ನೆಪದಲ್ಲಿ ಒಂದು ತಂಬಿಗೆ. ಸಂಜೆ ದೀಪ ಹಚ್ಚುವಾಗ ಮತ್ತೆ ಅತ್ತೆ, ದೇವರಿಗೆ ತೋರಿಸಿದ ನೀರು. ಇದರ ಮೇಲೆ ಇನ್ನೊಂದು ಪರೀಕ್ಷೆ ಇತ್ತು. ದಿನಾಲು ಅಂಗಳಕ್ಕೆ ಸಗಣಿನೀರು ಹೊಡೆದಾದ ಮೇಲೆ ಅತ್ತೆ ಗಿಡದ ನಡುವಿನ ಎಲೆ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯುತ್ತಿದ್ದರು, ಬೇರು ಬಿಟ್ಟಿದೆಯೋ ಇಲ್ಲವೋ ನೋಡಲು. ಪಾಪ, ಆ ಗಿಡ ಮನಸ್ಸು ಮಾಡಿ ಒಂದು ಎಳೆ ಬೇರು ಬಿಟ್ಟಿದ್ದರೂ ಮರುದಿನ ಅದನ್ನು ಅವರೇ ಹರಿಯುತ್ತಿದ್ದರು.

ಒಂದು ಮುಂಜಾನೆ ಎಳೆದರು. ಗಿಡ ಹಾಗೇ ಕೈಗೆ ಬಂತು. ಬುಡ ಕೊಳೆತ ಬಾಳೆಹಣ್ಣಿನಂತೆ ಕರಗಿ, ನಾತ ಹೊಡೆಯುತ್ತಿತ್ತು. ಅತ್ತೆ ಗಿಡವನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಕೈಗುಣ" ಎಂದರು, ಒಂದೇ ಮಾತು.

ಮಾವನವರು ಒಳಗಿನಿಂದ, "ಗರಸಿನ್ಯಾಗ ಹುಟ್ಟಿದ್ದು. ಎರಿಮಣ್ಣಿನ ಊಟ ಅದಕ್ಕ ಹ್ಯಾಂಗ ದಕ್ಕೀತು?" ಎಂದರು. ಗಿಡಕ್ಕೆ ಅಂದದ್ದೋ ನನಗೆ ಅಂದದ್ದೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆ ತಲೆಬಾಗಿಲಿಗೇ ಇನ್ನೊಂದು ಲೋಳಸರವಿತ್ತು. ದೀಪಾವಳಿಯ ಅಮಾವಾಸ್ಯೆಗೆ ದೃಷ್ಟಿ ತಾಕದಿರಲೆಂದು ಕರಿದಾರದಲ್ಲಿ ಮೆಣಸಿನಕಾಯಿಯ ಜೊತೆಗೆ ತಲೆಕೆಳಗಾಗಿ ಕಟ್ಟಿದ್ದು. ಅದಕ್ಕೆ ಮಣ್ಣಿಲ್ಲ, ನೀರಿಲ್ಲ, ಹಿಂಡಿಯಿಲ್ಲ. ಅದು ಹಸಿರಾಗಿ ದಪ್ಪಗೆ ತೂಗುತ್ತಿತ್ತು. ಅದರ ಕೆಳಗೇ ಗಡಿಗೆಯಲ್ಲಿ ಸಗಣಿ, ಹಿಂಡಿ, ಬೇಳೆನೀರಿನ ಭೋಗದಲ್ಲಿ ಇನ್ನೊಂದು ಸತ್ತಿತ್ತು. ಆ ಮನೆಗೆ ಹೋಗಿಬರುವವರೆಲ್ಲ ಎರಡರ ನಡುವೆಯೇ ದಾಟುತ್ತಿದ್ದರು. ಯಾರಿಗೂ ಏನೂ ಹೊಳೆಯಲಿಲ್ಲ. ಮೇಲಿನದು ದೇವರ ಕೆಲಸ, ಕೆಳಗಿನದು ಸೊಸೆಯ ಕೈಗುಣ ಎಂದು ಲೆಕ್ಕ ಸರಿಹೋಗಿತ್ತು.

ನಿಮ್ಮ ಅಜ್ಜ ಅಂಗಡಿಗೆ ರಜೆ ಸಿಕ್ಕಾಗ ಬರುತ್ತಿದ್ದರು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಮೋಟಾರು ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಮುಖಕ್ಕೆಲ್ಲ ಮಸಿ ಹತ್ತಿಸಿಕೊಂಡು ಇಳಿಯುತ್ತಿದ್ದರು. ಖಾನಾವಳಿಯ ಊಟಕ್ಕೆ ಗಲ್ಲ ಒಳಗೆ ಹೋಗಿದ್ದವು. ಹಿರಿಯರೆದುರು ಗಂಡಹೆಂಡಿರು ಮಾತಾಡುವಂತಿರಲಿಲ್ಲ. ನಾನು ನೀರಿನ ತಂಬಿಗೆ ಇಟ್ಟು ಸರಿಯಬೇಕು, ಅವರು ತಂಬಿಗೆಯನ್ನೇ ನೋಡುತ್ತ ಕುಡಿಯಬೇಕು. ಆದರೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಎಲ್ಲರ ಎದುರೇ ತಾಯಿಯನ್ನು ಕೇಳುತ್ತಿದ್ದರು.

"ಯವ್ವಾ, ಗಿಡ ಹ್ಯಾಂಗೈತಿ?"

"ಗಿಡದ ಚಿಂತಿ ಭಾಳ ಹತ್ತೈತಿ ನನ್ನ ಮಗಗ" ಎನ್ನುತ್ತಿದ್ದರು ಅತ್ತೆ. "ಸಣ್ಣಾಂವ ಇದ್ದಾಗ ಒಂದ ಹುಲ್ಲಕಡ್ಡಿಗಿ ನೀರ ಹಾಕಿದಾಂವ ಅಲ್ಲ."

"ಅಲ್ಲ ಬೇ, ಗುಮ್ಮಟದ ಕಡೆ ಹಾಳ ಗ್ವಾಡಿ ಸಂದ್ಯಾಗ ಇದೇ ಗಿಡ ಹಿಂಡಗಟ್ಟಿ ಬೆಳದಾವ. ಯಾರೂ ಹನಿ ನೀರ ಹಾಕೂದಿಲ್ಲ. ಬರೇ ಗಚ್ಚು, ಕಲ್ಲು."

ಮಾವನವರು ಅಡಿಕೆ ಕತ್ತರಿಸುತ್ತ, "ಅವು ಬಾದಶಾಹರ ಕಾಲದ ಗಿಡ. ಅವಕ್ಕ ರೂಢಿ ಆಗೈತಿ" ಎಂದು ಮುಗಿಸಿದರು. ಇಷ್ಟು ಸುಲಭವಾಗಿ ಬಗೆಹರಿಯದ ಪ್ರಶ್ನೆ ಅವರಿಗೆ ಜೀವನದಲ್ಲಿ ಯಾವುದೂ ಇರಲಿಲ್ಲ. ನಿಮ್ಮ ಅಜ್ಜ ಮರುದಿನ ಮತ್ತೆ ಮಸಿಯ ಮೋಟಾರು ಹತ್ತಿದರು.

ಸಂಕ್ರಾಂತಿಗೆ ನಮ್ಮವ್ವ ಎಳ್ಳು ಹಚ್ಚಿದ ರೊಟ್ಟಿ, ಮಾದಲಿಯ ಜೊತೆಗೆ ಮತ್ತೆರಡು ಮರಿ ಕಳಿಸಿದಳು. ತಂದವರ ಬಾಯಲ್ಲಿ ಒಂದು ಮಾತನ್ನೂ ಕಳಿಸಿದ್ದಳು: ಗರಸಿನಲ್ಲಿ ಹಚ್ಚಿರಿ, ಉಸುಕು ಬೆರೆಸಿರಿ, ನೀರು ಹಾಕಿ ಮರೆತುಬಿಡಿರಿ.

"ಮರತಬಿಡ್ರಿ ಅಂತ?" ಅತ್ತೆ ಬೆರಳನ್ನು ಗಲ್ಲಕ್ಕೆ ಹಚ್ಚಿಕೊಂಡರು. "ಯಾವುದನ್ನವ್ವಾ? ಗಿಡಾನೋ, ಮಗಳನ್ನೋ?"

ನಾನು ಅಂದು ಮೈಯೆಲ್ಲ ಧೈರ್ಯ ಮಾಡಿ, ಒಲೆಯ ಕಡೆ ಮುಖ ಮಾಡಿಕೊಂಡು ಹೇಳಿದೆ. "ಅತ್ತಿ, ಅದಕ್ಕ ಎರಿಮಣ್ಣ ಆಗೂದಿಲ್ರಿ. ನೀರ ಹಿಡಕೊಂಡ ಕೂಡತೈತಿ, ಬುಡ ಕೊಳೀತೈತಿ. ತಿಕೋಟಾದಿಂದ ಒಂದ ಬುಟ್ಟಿ ಗರಸ ತರಿಸಿದ್ರ..."

"ಏನಂದಿ?"

ಅತ್ತೆಯ ದನಿ ಏರಲಿಲ್ಲ. ಇಳಿಯಿತು. ಅದು ಇನ್ನೂ ಕಷ್ಟ.

"ತವರ ಮಣ್ಣ ತಂದ ಗಂಡನ ಮನ್ಯಾಗ ಹಾಕ್ತಿ? ಮಂದಿ ಏನಂದಾರು? ಇವರ ಹೊಲ ಬಂಜಿ ಬಿದ್ದೈತಿ, ಸೊಸಿ ಮಣ್ಣ ಹೊತ್ತ ತರಾಕತ್ತಾಳ ಅಂದಾರು. ಸೀರಿ ತಾ, ಕುಬಸ ತಾ, ಬ್ಯಾಡ ಅನ್ನೂದಿಲ್ಲ. ಮಣ್ಣ ತಂದೀ ಅಂದ್ರ ನಿಮ್ಮ ಮಾವಗ ಊರಾಗ ತಲಿ ಎತ್ತಾಕ ಆಗೂದಿಲ್ಲ."

ನಾನು ಕೇಳಿದ್ದು ಒಂದು ಗಿಡಕ್ಕೆ ಸಾಲುವಷ್ಟು ಹರಳುಮಣ್ಣು. ಅವರಿಗೆ ಕೇಳಿಸಿದ್ದು ವಂಶದ ಮೇಲೆ ಬಂದ ಅಪವಾದ. ನಾನು ರೊಟ್ಟಿ ಬಡಿಯತೊಡಗಿದೆ.

ಮಾವನವರು ಮೊದಲನೆಯ ಗಿಡ ಸತ್ತದ್ದರ ಬಗ್ಗೆ ಗಂಭೀರವಾಗಿ ವಿಚಾರ ಮಾಡಿದ್ದರು. ಅವರ ತೀರ್ಮಾನ ಹೀಗಿತ್ತು: ಮಣ್ಣು ಸಾಕಷ್ಟು ಜಿಗುಟಾಗಿರಲಿಲ್ಲ. ಆದ್ದರಿಂದ ಈ ಸಲ ಡೋಣಿ ಹೊಳೆಯ ದಂಡೆಯಿಂದ ಮಣ್ಣು ಬಂತು. ಅದರ ಮೇಲೆ ಕಾಲಿಟ್ಟರೆ ಚಪ್ಪಲಿ ಬಿಟ್ಟು ಬರಬೇಕು, ಅಂಥದು. ಅತ್ತೆ ಸಗಣಿ ಹೆಚ್ಚಿಸಿದರು. ಎರಡು ಮರಿಗಳಲ್ಲಿ ದೊಡ್ಡದನ್ನು ನನ್ನ ಕೈಯಲ್ಲೇ ಊರಿಸಿದರು. ಸಣ್ಣದು ಹೆಬ್ಬೆರಳಿನಷ್ಟಿತ್ತು, "ಇದೇನ ಬದಕತೈತಿ, ಒಗಿ ಅತ್ತಾಗ" ಎಂದರು. ಒಗೆಯಲು ಮನಸ್ಸು ಬರದೆ ಅದನ್ನು ನಾನು ಗೋಡೆಯ ಮಾಡದಲ್ಲಿ, ದೀಪದ ಎಣ್ಣೆಯ ಕುಡಿಕೆಯ ಹಿಂದೆ ಇಟ್ಟು ಕೆಲಸಕ್ಕೆ ಹೋದೆ.

ದೊಡ್ಡದು ಶಿವರಾತ್ರಿಯವರೆಗೂ ಬಾಳಲಿಲ್ಲ. ಈ ಸಲ ಅತ್ತೆ "ಕೈಗುಣ" ಎಂದೂ ಅನ್ನಲಿಲ್ಲ. ಸತ್ತ ಗಿಡವನ್ನು ತಿಪ್ಪೆಗೆ ಒಗೆದು, ಕೈ ತೊಳೆದುಕೊಂಡು, "ಇನ್ನೊಂದ ವರ್ಷ ಇರು. ಅವಸರ ಏನೈತಿ? ಪ್ಯಾಟಿ ಎಲ್ಲೂ ಓಡಿ ಹೋಗೂದಿಲ್ಲ" ಎಂದರು. ನಾನು ಹಿತ್ತಿಲಿಗೆ ಹೋಗಿ ಆ ನುಗ್ಗೆಗಿಡದ ಬುಡದಲ್ಲಿ ಕೂತು ಅತ್ತುಬಿಟ್ಟೆ. ಬೇರಾರೂ ಹೇಳಿಕೊಳ್ಳಲು ಇರಲಿಲ್ಲ. ಪೇಟೆ ಓಡಿಹೋಗುವುದಿಲ್ಲ, ನಿಜ. ಆದರೆ ಖಾನಾವಳಿಯ ಅನ್ನ ತಿಂದು ಕೃಶವಾಗುತ್ತಿದ್ದ ಒಬ್ಬರು ಅಲ್ಲಿದ್ದರು. ಅವರ ದನಿಯನ್ನು ನಾನು ಇನ್ನೂ ಸರಿಯಾಗಿ ಕೇಳಿರಲಿಲ್ಲ. ಗಿಡ ಹ್ಯಾಂಗೈತಿ ಎಂಬುದರ ಹೊರತು ಅವರ ಬಾಯಿಂದ ನನಗಾಗಿ ಬಂದ ಮಾತು ಒಂದೂ ಇರಲಿಲ್ಲ.

ಯುಗಾದಿಯಾದ ಮೇಲೆ ಹಗೇವು ತೆಗೆದರು. ನೀವು ಹಗೇವು ನೋಡಿಲ್ಲ. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ ಜೋಳ ಸುರಿದು ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬಾಯಿ ತೆಗೆದ ಮೇಲೆ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರೂ ಇಳಿಯುವಂತಿಲ್ಲ. ನಮ್ಮ ಮನೆಯ ಹಗೇವು ಊರ ದಂಡೆಯ ದಿನ್ನೆಯಲ್ಲಿತ್ತು. ತೆಗೆದ ಜೋಳವನ್ನು ಅಲ್ಲೇ ಹರವಿ ಹಸನು ಮಾಡಲು ನಾನೂ ಅತ್ತೆಯೂ ಮೊರ ಹಿಡಿದು ಹೋದೆವು.

ಅಂದು ನಿಡೋಣಿಯ ಬೀಗರು ಬಂದಿದ್ದರು, ಮಾವನವರ ಮಗಳ ಮಾವ. ಅವರಿಗೆ ಹೊಸ ಹಗೇವು ತೋಡಿಸುವುದಿತ್ತು. ದೂರ ಯಾಕೆ ಹೋಗಬೇಕು, ಮನೆಯ ಹಿಂದಿನ ಜಾಗದಲ್ಲೇ ತೋಡಿಸುತ್ತೇನೆ ಎಂದರು. ಆ ಜಾಗ ಎಂಥ ಮಣ್ಣು ಎಂದು ಮಾವನವರು ಕೇಳಿದರು. ಕೇಳದೆ ಬಿಡುವವರಲ್ಲವಲ್ಲ.

"ಎರೀನ್ರಿ ಬೀಗರ. ನಿಮ್ಮಂಗ ಚಲೋ ಎರಿ."

"ಹುಚ್ಚರಂಗ ಮಾಡಬ್ಯಾಡ್ರಿ!" ಮಾವನವರು ರುಮಾಲು ಸರಿಮಾಡಿಕೊಂಡು ಎದ್ದೇ ನಿಂತರು. "ಎರಿಯೊಳಗ ಹಗೇ ತೋಡತೀರಾ? ಅದು ಮಳಿಗಾಲದಾಗ ನೀರ ಕುಡದ ಉಬ್ಬತೈತಿ, ಬ್ಯಾಸಗ್ಯಾಗ ಒಣಗಿ ಬಾಯಿ ಬಿಡತೈತಿ. ಹಿಡದ ನೀರ ಬಿಡೂದಿಲ್ಲ ಅದು. ಜ್ವಾಳ ಕೊಳತ ಕೆಸರ ಆಗತಾವು. ಹಗೇ ಅಂದ್ರ ಗರಸಿನ್ಯಾಗ ತೋಡಬೇಕ್ರಿ. ಗರಸ ನೀರ ನಿಂದರಸೂದಿಲ್ಲ, ಉಸರಾಡತೈತಿ. ನೋಡ್ರಿಲ್ಲೆ, ನಮ್ಮಜ್ಜ ಯಾಕ ಈ ದಿನ್ನಿ ಹಿಡದಾನ? ಇದು ಗರಸ ಅಂತನ!" ಎಂದು ಕುಣಿಯ ಅಂಚಿನಿಂದ ಒಂದು ಹಿಡಿ ಹರಳುಮಣ್ಣು ಬಾಚಿ, ಪೇಢೆ ಹಂಚುವವರಂತೆ ಬೀಗರ ಅಂಗೈಗೆ ಹಾಕಿದರು.

ನನ್ನ ಕೈಯಲ್ಲಿ ಮೊರ ನಿಂತುಹೋಯಿತು.

ಮಾವನೆದುರು ಸೊಸೆ ನೇರ ಮಾತಾಡುವ ರೂಢಿ ಇರಲಿಲ್ಲ. ಹೇಳಲೇಬೇಕಾದದ್ದನ್ನು ಬೆಕ್ಕಿಗೋ ಕೊಡಕ್ಕೋ ಹೇಳಬೇಕು. ಮಾವ ಕೇಳಿಸಿಕೊಂಡು ತಾವೂ ಕೊಡಕ್ಕೇ ಉತ್ತರ ಕೊಡುತ್ತಾರೆ. ಅಲ್ಲಿ ಬೆಕ್ಕಿರಲಿಲ್ಲ, ಬಂಡಿಯ ಎತ್ತಿತ್ತು. ಮೇವು ಹಾಕುವ ನೆಪದಲ್ಲಿ ಎದ್ದು ಹೋದೆ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಎತ್ತಿನ ಕಿವಿಯ ಹತ್ತಿರ ಹೇಳಿದೆ. ಹತ್ತಿರ ಅಂದರೆ ಹಗೇವಿನವರೆಗೆ ಕೇಳುವಷ್ಟು.

"ನೋಡಪಾ ಎತ್ತಣ್ಣಾ, ಜ್ವಾಳಕ್ಕೊಂದ ನ್ಯಾಯ, ಲೋಳಸರಕ್ಕೊಂದ ನ್ಯಾಯ. ಜ್ವಾಳ ಎರಿಯೊಳಗ ಕೊಳೀತಾವಂತ ಗರಸಿನ್ಯಾಗ ಇಡ್ತಾರ. ಲೋಳಸರ ಎರಿಯೊಳಗ ಕೊಳತರ ಸೊಸಿ ಕೈಗುಣ ಅಂತಾರ."

ಎತ್ತು ಮೇವು ತಿನ್ನುವುದನ್ನು ನಿಲ್ಲಿಸಲಿಲ್ಲ. ಉಳಿದವರೆಲ್ಲ ನಿಲ್ಲಿಸಿದರು. ಅತ್ತೆಯ ಮೊರ ಗಾಳಿಯಲ್ಲೇ ನಿಂತಿತ್ತು.

ಮೊದಲು ನಕ್ಕವರು ನಿಡೋಣಿಯವರು. "ಏನ್ರಿ ಬೀಗರ! ನಿಮ್ಮ ಎತ್ತಿಗೆ ಸಾಲಿ ಕಲಸಾಕತ್ತಾರಲ್ರಿ!"

ಮಾವನವರು ಮೀಸೆ ತಿರುವಿದರು. ಕುಣಿ ನೋಡಿದರು, ಬೀಗರ ಕೈಯಲ್ಲಿದ್ದ ಗರಸು ನೋಡಿದರು. ಬೀಗರ ಎದುರು ಈಗಷ್ಟೇ ಹೊಗಳಿದ ಮಣ್ಣನ್ನು ಬಯ್ಯುವಂತಿಲ್ಲ. ಸೊಸೆಯ ಮಾತನ್ನು ಒಪ್ಪುವಂತೆಯೂ ಇಲ್ಲ. ಕೊನೆಗೆ ಎತ್ತಿಗೇ ಹೇಳಿದರು:

"ಗರಸ ಅಂದ್ರ ಎಲ್ಲಾ ಗರಸೂ ಒಂದ ಅಲ್ಲಪಾ. ತಿಕೋಟಾದ್ದು ಬ್ಯಾರೆ. ಇದು ನಮ್ಮ ಹಗೇದ್ದು."

ನೋಡಿರಿ, ಎಂಥ ಬುದ್ಧಿವಂತಿಕೆ! ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಕಲಸಿದರೆ ದೇವರಿಗೂ ಬೇರೆ ಮಾಡಲು ಬಾರದು. ಆದರೆ ನನಗೆ ಬೇಕಾದದ್ದು ಗೆಲುವಲ್ಲ, ಗರಸು. ಆ ಸಂಜೆ ಮಾವನವರೇ ಒಂದು ಬುಟ್ಟಿ ತುಂಬಿ ಮನೆಗೆ ತಂದರು.

"ಇದೇನ್ರಿ, ಗರಸ ತಂದೀರಿ?" ಎಂದು ಅತ್ತೆ ಏನೂ ಅರಿಯದವರಂತೆ ಕೇಳಿದರು.

"ಗರಸಲ್ಲ ಇಕೀನ, ಹಗೇದ ಮಣ್ಣ."

"ಹಾಂ, ಹಗೇದ್ದಾ? ಹಂಗಂದ್ರ ಲಕ್ಷ್ಮೀ ಇದ್ದ ಮಣ್ಣ ಬಿಡ್ರಿ" ಎಂದು ಬುಟ್ಟಿಗೆ ಒಂದಿಷ್ಟು ಕುಂಕುಮ ಏರಿಸಿದರು. ಮುಂಜಾನೆಯವರೆಗೆ ರಸ್ತೆಗೆ ಹಾಕುವ ಮಣ್ಣಾಗಿದ್ದದ್ದು ದೀಪ ಹಚ್ಚುವ ಹೊತ್ತಿಗೆ ಮಹಾಲಕ್ಷ್ಮಿಯಾಯಿತು. ಮನುಷ್ಯರಿಗೆ ಇಷ್ಟು ಬೇಗ ಬಡ್ತಿ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಊರಲು ಗಿಡ ಎಲ್ಲಿದೆ ಎಂಬ ಪ್ರಶ್ನೆ ಬಂತು. ನಾನು ಗೋಡೆಯ ಮಾಡದಿಂದ ಆ ಹೆಬ್ಬೆರಳಿನಷ್ಟಿದ್ದ ಮರಿಯನ್ನು ತೆಗೆದೆ. ಎಣ್ಣೆಯ ಕುಡಿಕೆಯ ಹಿಂದೆ ಮಸಿ ಹಿಡಿದು, ಹೊರಗಿನ ಎಲೆ ಸುಕ್ಕಾಗಿ ಕೂತಿತ್ತು. ಆದರೆ ಜೀವ ಗಟ್ಟಿಯಾಗಿತ್ತು. ಯಾರೂ ಅದನ್ನು ಪ್ರೀತಿಸಿರಲಿಲ್ಲ, ಅದಕ್ಕೇ ಬದುಕಿತ್ತು.

ಹಗೇವಿನ ವಿದ್ಯೆಯೆಲ್ಲ ಈಗ ಗಡಿಗೆಗೆ ಇಳಿಯಿತು. "ಹಗೇದ ತಳಕ್ಕ ಹುಲ್ಲ ಹಾಸ್ತೇವಿ, ಇದರ ತಳಕ್ಕ ಹಂಚಿನ ಚೂರ ಹಾಸರಿ" ಎಂದು ಮಾವನವರು ಕೊಡಕ್ಕೆ ಹೇಳಿದರು. ಗಡಿಗೆಯ ತಳಕ್ಕೆ ಅವರೇ ಮೊಳೆಯಿಂದ ತೂತು ಮಾಡಿದರು. ನಾನು ಗರಸಿನಲ್ಲಿದ್ದ ದಪ್ಪ ಕಲ್ಲು ಆರಿಸಿ, ಹಳ್ಳದ ಉಸುಕು ಬೆರೆಸಿ, ಒಣಗಿ ಪುಡಿಯಾದ ಹಳೆಯ ಗೊಬ್ಬರ ಒಂದು ಹಿಡಿ ಮಾತ್ರ ಕೂಡಿಸಿದೆ. ಹಿಡಿದರೆ ಉಂಡೆಯಾಗಬಾರದು, ಬಿಟ್ಟರೆ ಉದುರಬೇಕು. ಮೊಮ್ಮಗಳೇ, ನಿನ್ನ ಬಣ್ಣದ ಚೀಲದಲ್ಲಿ ಇರುವುದೂ ಇಷ್ಟೇ. ನಾನು ಮುಟ್ಟಿ ನೋಡಿದ್ದೇನೆ. ಊರಿದ ದಿನವೇ ನೀರು ಹಾಕಬಾರದು, ಬುಡದ ಗಾಯ ಮಾಯಲು ನಾಲ್ಕು ದಿನ ಬಿಡಬೇಕು.

ಬಿಡುವವರು ಯಾರು? ಮರುದಿನವೇ ಅತ್ತೆ ಬೇಳೆನೀರು ಹಿಡಿದು ಬಂದರು. ಆಗ ಪಡಸಾಲೆಯಿಂದ ಮಾವನವರು ಗುಡುಗಿದರು. "ಏ! ಹಗೇದಾಗ ಯಾರರ ನೀರ ಸುರೂತಾರೇನ?" ಅತ್ತೆ ತಂಬಿಗೆ ತಿರುಗಿಸಿಕೊಂಡು ಒಳಗೆ ಹೋದರು. ನಾನು ತಿಂಗಳುಗಟ್ಟಲೆ ಹೇಳಲಾಗದ ಮಾತು ಗಂಡಸಿನ ಬಾಯಲ್ಲಿ ಒಂದೇ ಕೂಗಿಗೆ ಶಾಸ್ತ್ರವಾಯಿತು.

ಎಲೆ ಹಿಡಿದು ಎಳೆಯುವುದನ್ನು ಮಾತ್ರ ಅತ್ತೆ ಬಿಡಲಿಲ್ಲ. ಅದು ಅವರ ಹಕ್ಕಾಗಿತ್ತು. ನಾನು ರೊಟ್ಟಿ ಬಡಿಯುತ್ತಲೇ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೊದಮೊದಲು ಮರಿ ಅಲುಗಾಡುತ್ತಿತ್ತು. ಬೇಸಿಗೆಯ ಬಿಸಿಲು ಏರಿದಂತೆ ಸುಕ್ಕು ತುಂಬಿಕೊಂಡಿತು. ನಡುವಿನಿಂದ ಮುಳ್ಳಿನಂಚಿನ ಒಂದು ಹೊಸ ಎಲೆ ಮೂಗು ತೋರಿಸಿತು. ನಾನು ಯಾರಿಗೂ ಹೇಳಲಿಲ್ಲ.

ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಎತ್ತುಗಳ ಕೋಡಿಗೆ ಬಣ್ಣ ಕಲಸುತ್ತಿದ್ದ ಮುಂಜಾನೆ. ಅತ್ತೆ ಎಂದಿನಂತೆ ಬಗ್ಗಿ ಎಲೆ ಹಿಡಿದು ಎಳೆದರು. ಗಿಡ ಬರಲಿಲ್ಲ. ಇನ್ನಷ್ಟು ಎಳೆದರು. ಗಿಡದ ಜೊತೆಗೆ ಗಡಿಗೆಯೇ ನೆಲ ಬಿಟ್ಟು ಮೇಲೆದ್ದಿತು.

ಅವರು ಅದನ್ನು ಹಾಗೇ ಹಿಡಿದು ತಳದ ತೂತು ನೋಡಿದರು. ಆಮೇಲೆ ಮೆಲ್ಲಗೆ ಕೆಳಗಿಟ್ಟು, ಒಳಗೆ ಬಂದು, ನನ್ನ ಪಕ್ಕದಲ್ಲಿ ಒಲೆಯ ಮುಂದೆ ಕೂತರು.

"ಬಿಟ್ಟೈತಿ" ಎಂದರು.

ನಾನು ಕೈಯಲ್ಲಿದ್ದ ಹಿಟ್ಟಿನುಂಡೆಯನ್ನು ನಾದುತ್ತಲೇ ಇದ್ದೆ.

"ಇನ್ನ ರೊಟ್ಟಿ ಯಾರ ಬಡೀತಾರ?" ಎಂದರು ಅತ್ತೆ, ಮೊಣಕೈ ಒತ್ತಿಕೊಳ್ಳುತ್ತ. ಆ ಮನೆಗೆ ಬಂದ ಮೇಲೆ ಅವರು ನನಗೆ ನೆಟ್ಟಗೆ ಹೇಳಿದ ಮೊದಲನೆಯ ಮಾತು ಅದೇ. ಕೈಗುಣ, ಬೇರು, ಪೇಟೆಯ ಸಂಸಾರ, ಎಲ್ಲದರ ತಳದಲ್ಲಿ ಇದ್ದದ್ದು ಆ ನೋಯುವ ಮೊಣಕೈ. ದೀಪಾವಳಿಯಲ್ಲೇ ಹೇಳಿದ್ದರೆ ಎರಡು ಗಿಡಗಳಾದರೂ ಉಳಿಯುತ್ತಿದ್ದವು.

"ಸುಗ್ಗಿಗಿ ಬರ್ತೇನ್ರಿ ಅತ್ತಿ. ಕರದಾಗ ಬರ್ತೇನಿ" ಎಂದೆ.

"ಬರ್ತಿ. ಬರದ ಏನ ಮಾಡ್ತಿ?" ಎಂದರು. ಆದರೆ ಮಾತಿಗೆ ತಪ್ಪುವ ಹೆಂಗಸಲ್ಲ. ಆಷಾಢ ಹಿಡಿಯುವ ಮೊದಲೇ ಕಳಿಸಬೇಕೆಂದು ಮಗನಿಗೆ ಹೇಳಿಕಳಿಸಿದರು. ಹಬ್ಬ ಮುಗಿದ ಮೇಲೆ ತಾವೇ ನನ್ನ ಗಂಟು ಕಟ್ಟಿದರು, ಅದೂ ಎಷ್ಟು ಬಿಗಿಯಾಗಿ ಅಂದರೆ ವಿಜಾಪುರದಲ್ಲಿ ಕತ್ತರಿ ಹಾಕಬೇಕಾಯಿತು. ಲೋಳಸರವನ್ನು ಕೊಡಲಿಲ್ಲ. "ಅದು ಇಲ್ಲೇ ಇರ್ಲಿ. ಸೊಸಿ ಬೇರ ಬಿಟ್ಟಾಳ ಅಂತ ಮಂದಿಗಿ ತೋರಸಾಕ ಏನರ ಬೇಕಲ್ಲ" ಎಂದರು. ಮುಂದೆ ಅದರ ಮರಿಗಳನ್ನು ಓಣಿಗೆಲ್ಲ ಹಂಚಿದರಂತೆ. ಪ್ರತಿಯೊಂದು ಮರಿಯ ಜೊತೆಗೂ ಮಾವನವರ ಉಪನ್ಯಾಸ ಬಿಟ್ಟಿಯಾಗಿ ಸಿಗುತ್ತಿತ್ತು: ಲೋಳಸರಕ್ಕೆ ಎರೆಮಣ್ಣು ಹಾಕುವವರು ಹುಚ್ಚರು, ಇದನ್ನು ಮೊದಲು ಕಂಡುಹಿಡಿದವರು ತಾವು.

ಹೊರಡುವ ಹೊತ್ತಿಗೆ ಮಾವನವರು ಒಂದು ಗೋಣಿಚೀಲ ತಂದು ಮೋಟಾರಿನಲ್ಲಿ ನನ್ನ ಕಾಲ ಹತ್ತಿರ ಇಡಿಸಿದರು. ಏನೆಂದು ಕೇಳುವಂತಿರಲಿಲ್ಲ. ಅವರು ಮೋಟಾರಿನ ಬಾಗಿಲಿಗೆ ಹೇಳಿದರು: "ಪ್ಯಾಟ್ಯಾಗ ಮಣ್ಣ ಅನ್ನೂದ ಎಲ್ಲೈತಿ? ನಮ್ಮ ಹೊಲದ್ದು. ಮೆಂತೆ, ಕೊತ್ತಂಬ್ರಿ ಹಾಕಿಕೊಳ್ಳಾಕ ಆಗತೈತಿ." ಆಮೇಲೆ ಬೇರೆ ಕಡೆ ಮುಖ ಮಾಡಿ ಮೂಗು ಸೀಟಿಕೊಂಡರು. ಮೋಟಾರಿನ ಹೊಗೆಗೆ ಇರಬೇಕು.

ವಿಜಾಪುರದಲ್ಲಿ ಇಳಿದಾಗ ನಿಮ್ಮ ಅಜ್ಜ ನಿಂತಿದ್ದರು. ಗಂಟನ್ನು ನನ್ನ ಕೈಗೆ ಬಿಟ್ಟು ಗೋಣಿಚೀಲವನ್ನು ಹೆಗಲಿಗೇರಿಸಿಕೊಂಡರು. ಗುಮ್ಮಟದ ಕಡೆಯ ರಸ್ತೆಯಲ್ಲಿ ಅವರು ಮುಂದೆ, ನಾನು ಹಿಂದೆ. ಕೊಂಚ ದೂರ ಹೋಗುವಷ್ಟರಲ್ಲಿ ಬೆವರು ಇಳಿಯತೊಡಗಿತು. ಚೀಲವನ್ನು ಒಂದು ಕಟ್ಟೆಯ ಮೇಲೆ ಇಳಿಸಿ, ಸುತ್ತ ನೋಡಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಡೆಗೇ ತಿರುಗಿ ಕೇಳಿದರು.

"ಏನೈತಿ ಇದರಾಗ? ಕಲ್ಲ ತುಂಬಿ ಕಳಿಸ್ಯಾರೇನ?"

ಹೇಳಲು ಅಲ್ಲಿ ಬೆಕ್ಕಿರಲಿಲ್ಲ, ಕೊಡವಿರಲಿಲ್ಲ, ಎತ್ತೂ ಇರಲಿಲ್ಲ. ಅವರ ಮುಖ ನೋಡಿಯೇ ಹೇಳಬೇಕಾಯಿತು.

"ನಿಮ್ಮ ಪಾಲಿನ ಹೊಲ ರೀ" ಎಂದೆ.

ಅವರು ಚೀಲದ ಬಾಯಿ ಬಿಚ್ಚಿ ಒಳಗೆ ಇಣುಕಿ ನೋಡಿದರು. ನೋಡಿ, ಕಟ್ಟೆಯ ಮೇಲೆ ಚೀಲದ ಪಕ್ಕದಲ್ಲೇ ಕುಸಿದು ಕೂತು ನಗತೊಡಗಿದರು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರೂ ನಿಲ್ಲಿಸಲಿಲ್ಲ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ, ಪ್ರಯೋಜನವಾಗಲಿಲ್ಲ. ಅವರ ನಗು ಹಾಗಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು.